ಅಪ್ಪನ ಹೆಸರಿನ ಪಕ್ಕದ ಹಸಿರು ಚುಕ್ಕಿ

"ನಮ್ಮಪ್ಪನ ಖಾತೆಯೊಳಗೆ ಯಾರ್ರೀ ಕೂತಿರೋದು?"

ಬಾಗಿಲು ದೂಡಿಕೊಂಡು ಬಂದವಳು ಮೊಬೈಲನ್ನು ಮುಂದೆ ಚಾಚಿದಳು. ಪರದೆಯ ಮೇಲೆ ಅಪ್ಪನ ಹೆಸರು, ಪಕ್ಕದಲ್ಲಿ ಹಸಿರು ಚುಕ್ಕಿ. ಆನ್‌ಲೈನ್! ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು.

ಅವಳು ಒಂದು ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ಮುಖಪುಟ ಮಾಡುವವಳು. ಕಾಗದದ ರೀಲುಗಳ ಹಿಂದಿನ ಈ ಪುಟ್ಟ ಕೋಣೆಯಲ್ಲಿ ಕೂರುವವನು ಪ್ರೆಸ್ಸಿನ ಸ್ವಂತ ಚಾಟ್ ಸರ್ವರ್ ನೋಡಿಕೊಳ್ಳುವವನು. ಹಸ್ತಪ್ರತಿಗಳು ಹೊರಗಿನವರ ಕೈಗೆ ಹೋಗಬಾರದೆಂದು ಯಜಮಾನರು ಹಾಕಿಸಿದ ಸರ್ವರ್ ಅದು. ಅವನು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅದಕ್ಕೇ ಬೈಂಡಿಂಗ್ ಹೆಂಗಸರು 'ಮೌನಿ ಸಾಹೇಬ್ರು' ಅಂತ ಹೆಸರಿಟ್ಟಿದ್ದರು.

ಅವಳು ಅವನ ಕಂಪ್ಯೂಟರಿನತ್ತ ಬಗ್ಗಿ ನೋಡಿದಳು. ಅವನ ಪರದೆಯ ಮೇಲೂ ಅದೇ ಹೆಸರಿತ್ತು!

"ಅಡ್ಮಿನ್ ಎಪಿಐ, ಅಂದ್ರೆ ಸರ್ವರ್‌ನ ಮಾಸ್ಟರ್ ಕೀ, ಕೈಯಲ್ಲಿದ್ರೆ ಪಾಸ್‌ವರ್ಡ್ ಇಲ್ದೇನೇ ಯಾರ ಖಾತೆಗಾದ್ರೂ ನುಗ್ಗಬಹುದಂತೆ. ಹೌದೋ ಅಲ್ವೋ?"

"ಹೌದು... ಆದ್ರೆ ಎರಡು ನಿಮಿಷ ನನ್ನ ಮಾತು ಕೇಳಿ..."

"ಏನ್ ಕೇಳೋದು? ನಾನು ಅಪ್ಪನಿಗೆ ಈಗ್ಲೂ ದಿನಾ ಬರೀತೀನಿ! ಅದನ್ನೆಲ್ಲ ಓದಿ ನಗ್ತಾ ಇದ್ರಾ?"

ಅಯ್ಯೋ ದೇವರೇ... ಆ ಸಾಲುಗಳಲ್ಲಿ ಇವನೂ ಇದ್ದನಲ್ಲ! 'ಅಪ್ಪಾ, ಮೌನಿ ಸಾಹೇಬ್ರು ಇವತ್ತು ಮೆಟ್ಟಿಲ ಹತ್ತಿರ ನಕ್ಕರು. ನನಗೆ ಇಡೀ ದಿನ ಕೆಲಸ ಓಡಲಿಲ್ಲ.' ಅದನ್ನೂ ಓದಿರಬೇಕು. ಅವಳ ಕಿವಿ ಬಿಸಿಯಾಯಿತು. ನಾಚಿಕೆಯೆಲ್ಲ ಸಿಟ್ಟಾಗಿ, ಸೀದಾ ಯಜಮಾನರನ್ನೇ ಕರೆತಂದಳು.

ಯಜಮಾನರು ಒಳ್ಳೆಯವರು, ಆದರೆ ಸಿಟ್ಟು ಮೂಗಿನ ತುದಿಯಲ್ಲೇ. "ಎದ್ದೇಳಪ್ಪಾ. ನಾಳೆಯಿಂದ ಬರ್ಬೇಡ. ಈ ಖಾತೆ ನಾನೇ ಮುಚ್ತೀನಿ."

ಕೆಲಸ ಬಿಟ್ಟವರ ಖಾತೆ ಮುಚ್ಚಲು ಕಂಪ್ಯೂಟರಿಗೆ ಕೊಡುವ ಕಮಾಂಡ್ ಗೋಡೆಗೆ ಅಂಟಿಸಿದ ಚೀಟಿಯಲ್ಲಿತ್ತು. ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಅಕ್ಷರ ಒತ್ತಿದರು.

"ಸರ್, ಆ ಸಾಲು ಬೇಡ! ಅದು ಬರೀ ಮುಚ್ಚೋದಲ್ಲ..."

"ಬಾಯಿ ಮುಚ್ಚು! ಏನಮ್ಮಾ, ಒತ್ತಲಾ?"

"ಒತ್ತಿಬಿಡಿ ಸರ್."

ಹಸಿರು ಚುಕ್ಕಿ ಆರಿಹೋಯಿತು.

ತನ್ನ ಮೇಜಿಗೆ ಬಂದು ಕೂತಳು. ಮನಸ್ಸು ತಣ್ಣಗಾಗಲಿ ಅಂತ ಅಪ್ಪನ ಹಳೆಯ ಮಾತುಗಳನ್ನು ತೆರೆದಳು. ಅಪ್ಪ ಇದೇ ಪ್ರೆಸ್ಸಿನ ಪ್ರೂಫ್ ರೀಡರ್. ಗಂಟಲಿನ ಆಪರೇಷನ್ ಆದಮೇಲೆ ದನಿ ಹೋಯಿತು. ಕೊನೆಯ ಎರಡು ವರ್ಷ ಅಪ್ಪ ಮಗಳಿಗೆ ಆಡಿದ ಮಾತೆಲ್ಲ ಈ ಚಾಟಿನಲ್ಲೇ ಇತ್ತು.

'ಅಪ್ಪಾ, ಊಟ ಆಯ್ತಾ?'

ಈ ಸಂದೇಶ ಅಳಿಸಲಾಗಿದೆ.

'ನೋವು ಕಡಿಮೆ ಇದ್ಯಾ?'

ಈ ಸಂದೇಶ ಅಳಿಸಲಾಗಿದೆ.

ಮೇಲೆ, ಇನ್ನೂ ಮೇಲೆ... ಎರಡು ವರ್ಷದ ತುಂಬ ಅವಳ ಪ್ರಶ್ನೆಗಳು ಮಾತ್ರ ಉಳಿದಿದ್ದವು. ಒಂದಕ್ಕೂ ಉತ್ತರವಿರಲಿಲ್ಲ!

ಮೊಬೈಲು ಹಿಡಿದುಕೊಂಡೇ ಅವನ ಕೋಣೆಗೆ ಓಡಿದಳು.

ಅವನು ತನ್ನ ಚೀಲಕ್ಕೆ ಸಾಮಾನು ತುಂಬುತ್ತಿದ್ದ. ಅವಳ ಮುಖ ನೋಡಿದವನೇ ಕೈ ನಿಲ್ಲಿಸಿದ.

"ಎಲ್ಲಾ... ಎಲ್ಲಾ ಹೋಗಿದೆ ಕಣ್ರೀ..."

"ಅದನ್ನೇ ಹೇಳೋಕೆ ಹೋದೆ, ಆ ಸಾಲು ಖಾತೆಯ ಮಾತನ್ನೂ ಅಳಿಸುತ್ತೆ ಅಂತ. ತೊಂಬತ್ತು ದಿನ ಯಾರೂ ಒಳಗೆ ಬರದ ಖಾತೆ ತಾನಾಗೇ ಮುಚ್ಚಿಹೋಗುತ್ತೆ, ಅದರ ಮಾತೆಲ್ಲ ಅಳಿಸುತ್ತೆ. ಜಾಗ ಉಳಿಸೋಕೆ ಯಜಮಾನರು ಮಾಡಿಸಿದ ನಿಯಮ. ಒಬ್ಬರದ್ದಾದ್ರೂ ಬಿಡಿ ಸರ್ ಅಂದೆ, ಕೇಳ್ಲಿಲ್ಲ. ಅದಕ್ಕೇ ದಿನ ತುಂಬೋ ಮುಂಚೆ ನಿಮ್ಮಪ್ಪನ ಖಾತೆಗೆ ಹೋಗಿ ಬರ್ತಿದ್ದೆ. ಇವತ್ತು ಎರಡನೇ ಸಲ."

"ಬ್ಯಾಕಪ್?"

"ಡಿಸ್ಕ್ ಕೆಟ್ಟು ವರ್ಷವಾಯ್ತು. ಹೊಸದು ಬರ್ಲೇ ಇಲ್ಲ."

ಕಾಗದದ ಕಟ್ಟಿನ ಮೇಲೆ ಕುಸಿದಳು. ಅಳುವೂ ಬರಲಿಲ್ಲ.

"ಒತ್ತಿಬಿಡಿ ಅಂದಿದ್ದು ನಾನೇ. ಅಪ್ಪನ ದನಿ ಒಂದ್ಸಲ ಹೋಗಿತ್ತು... ಎರಡನೇ ಸಲ ನಾನೇ ಕಳೆದುಬಿಟ್ನಲ್ಲಾ!"

"ತಪ್ಪು ನಂದು. ಮೊದಲೇ ನಿಮಗೆ ಹೇಳ್ಬೇಕಿತ್ತು. ಹೇಳೋಣ ಅಂತ ಬರ್ತಿದ್ದೆ, ನಿಮ್ಮನ್ನ ಮೆಟ್ಟಿಲ ಹತ್ತಿರ ಕಂಡ ತಕ್ಷಣ ಮಾತೇ ಹೊರಡ್ತಿರ್ಲಿಲ್ಲ."

ಅವಳು ತಲೆ ಎತ್ತಲಿಲ್ಲ. "ನಾನು ಬರೆದದ್ದು ಓದಿದ್ರಾ?"

"ಒಂದೇ ಸಾಲು. ಪಟ್ಟಿಯಲ್ಲಿ ಕೊನೆ ಸಾಲು ತಾನಾಗೇ ಕಾಣುತ್ತಲ್ಲ... 'ಅಪ್ಪಾ, ಊಟ ಆಯ್ತಾ?' ಅಂತಿತ್ತು. ಆವತ್ತು ನನಗೆ ಊಟ ಸೇರ್ಲಿಲ್ಲ."

ಅವನು ಚೀಲವನ್ನು ಕೆಳಗಿಟ್ಟ. ಆಮೇಲೆ ಮೆಲ್ಲಗೆ ಬಾಯಿಬಿಟ್ಟ.

"ನಿಮ್ಮಪ್ಪ ನನಗೂ ಬರೀತಿದ್ರು. ಅವೂ ಇವತ್ತು ಹೋದ್ವು. ಆದ್ರೆ ಕೊನೆಯದು ನನಗೆ ಬಾಯಿಪಾಠ."

"ಏನು? ಹೇಳ್ರೀ!"

"'ನನ್ನ ಮಗಳು ಬೇಜಾರಾದರೆ ಊಟ ಬಿಡುತ್ತಾಳೆ. ನಾನಿಲ್ಲದಾಗ ನೀನು ಕೇಳುತ್ತಾ ಇರಪ್ಪಾ.' ಅಷ್ಟೇ."

ಅಪ್ಪನದೇ ಮಾತು! ಒಂದಾದರೂ ಉಳಿದಿತ್ತು... ಇವನ ಹತ್ತಿರ.

"ಮತ್ತೆ ಆರು ತಿಂಗಳು ಯಾಕೆ ಕೇಳ್ಲಿಲ್ಲ?"

"ದಿನಾ ಟೈಪ್ ಮಾಡ್ತಿದ್ದೆ, ಅಳಿಸ್ತಿದ್ದೆ. ಅಪ್ಪ ಹೇಳಿದ್ರು ಅಂತ ಕೇಳ್ತಿದ್ದಾನೆ ಅಂತ ನೀವು ಅಂದುಕೊಂಡುಬಿಟ್ರೆ... ಅದು ನಿಜ ಅಲ್ಲ. ಅವರು ಹೇಳೋ ಮುಂಚಿನಿಂದ್ಲೂ ನನಗೆ ನೀವಂದ್ರೆ ಇಷ್ಟ."

ಅವಳು ಕಣ್ಣೆತ್ತಿ ನೋಡಿದಳು. ಅವನು ಕಣ್ಣು ತಪ್ಪಿಸಿ ಮೊಬೈಲಿನಲ್ಲಿ ಏನೋ ಒತ್ತಿದ. ಅವಳ ಕೈಯಲ್ಲಿದ್ದದ್ದು 'ಟಿಂಗ್' ಅಂದಿತು.

'ಊಟ ಆಯ್ತಾ?'

ಎರಡು ಮಾರು ದೂರದಲ್ಲಿ ನಿಂತುಕೊಂಡು ಚಾಟ್ ಮಾಡ್ತಾನಲ್ಲ, ಪುಣ್ಯಾತ್ಮ! ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದಳು. ಮೊಬೈಲನ್ನು ಕವುಚಿಟ್ಟಳು.

"ಯಜಮಾನರಿಗೆ ನಾನೇ ಹೋಗಿ ನಿಜ ಹೇಳ್ತೀನಿ. ನೀವೆಲ್ಲೂ ಹೋಗ್ಬೇಡಿ. ಆದ್ರೆ ಇದನ್ನ ಮಾತ್ರ ಬಾಯಲ್ಲಿ ಕೇಳಿ. ಬರೆದಿದ್ದು ಅಳಿಸಿಹೋಗುತ್ತೆ."

ಅವನು ಹತ್ತಿರ ಬಂದು ಎದುರಿಗೆ ಕೂತ.

"ಊಟ ಆಯ್ತಾ?"

ಅಷ್ಟು ಹೊತ್ತು ಬಾರದ ಅಳು ಆಗ ಬಂತು.

"ಇಲ್ಲ ಕಣ್ರೀ... ನಿಮ್ದು?"

"ನಂದೂ ಇಲ್ಲ. ಬನ್ನಿ, ಮಾಡೋಣ."