ಅಕ್ಕು ಸತ್ತಳೆಂಬ ಅಫಿಡವಿಟ್

2017ರ ಜುಲೈ 24, ಸೋಮವಾರ. ಆಟಿ ಅಮಾವಾಸ್ಯೆಯ ಮರುದಿನ. ಕುಂಬಳೆಯಿಂದ ಒಳಗೆ ಹೋಗುವ ರಸ್ತೆಯ ಪೊಲೀಸ್ ಠಾಣೆಗೆ ಮಧ್ಯಾಹ್ನದ ಹೊತ್ತಿಗೆ ಬಂದ ಒಬ್ಬ ಹೆಂಗಸು, ತಾನು ಸತ್ತಿಲ್ಲವೆಂದು ದೂರು ಬರೆದುಕೊಳ್ಳಬೇಕು ಎಂದಳು. ಪೊಲೀಸ್ ಉದಯಶಂಕರ ಪೆನ್ನು ಕೆಳಗಿಟ್ಟು ಅವಳ ಕಾಲುಗಳ ಕಡೆ ಒಮ್ಮೆ ನೋಡಿದ. ಕಾಲು ನೆಲದ ಮೇಲೆಯೇ ಇತ್ತು. ಆದರೂ ಇದು ತನ್ನ ಮಟ್ಟದ ಕೆಲಸವಲ್ಲವೆಂದು ತೀರ್ಮಾನಿಸಿ ಅವಳನ್ನು ಸಬ್ ಇನ್‌ಸ್ಪೆಕ್ಟರ್ ವಸುಮತಿಯ ಕೋಣೆಗೆ ಕಳಿಸಿದ.

ಹೆಂಗಸಿನ ಹೆಸರು ಅಕ್ಕು, ವಯಸ್ಸು ಐವತ್ತರ ಆಸುಪಾಸು. ಊರು ಮುಂಡಪದವು. ಹರೆಯದಲ್ಲಿ ಬೋಟಿನ ಕೆಲಸದವನೊಬ್ಬನನ್ನು ಮೆಚ್ಚಿ ಮನೆಯವರಿಗೆ ಹೇಳದೆ ರತ್ನಾಗಿರಿಗೆ ಹೋಗಿದ್ದಳು. ಅಲ್ಲೇ ಸಿಗಡಿ ಸುಲಿಯುವ ಕೆಲಸ. ಮಕ್ಕಳಿಲ್ಲ, ಗಂಡ ಕಳೆದ ವರ್ಷ ತೀರಿಕೊಂಡಿದ್ದ. ಅಮ್ಮನನ್ನು ನೋಡೋಣವೆಂದು ಶನಿವಾರ ರೈಲು ಹತ್ತಿ ಬಂದರೆ ಅತ್ತಿಗೆ ಬಾಗಿಲು ಹಾಕಿಕೊಂಡಳು. ಪಕ್ಕದ ಮನೆಯ ಚೋಮ ಅವಳನ್ನು ಕಂಡು ಅಂಗಳದಲ್ಲೇ ಕೂತುಬಿಟ್ಟನಂತೆ. ಅಮ್ಮ ಸತ್ತು ನಾಲ್ಕು ವರ್ಷವಾಯಿತೆಂದೂ ಅಕ್ಕು ಸತ್ತದ್ದು ಅದಕ್ಕೂ ಮೊದಲೆಂದೂ ಸುಧಾರಿಸಿಕೊಂಡ ಮೇಲೆ ಅವನೇ ಹೇಳಿದ್ದು.

ಇವತ್ತು ಬೆಳಿಗ್ಗೆ ಅವಳು ವಿಲೇಜ್ ಆಫೀಸಿಗೆ ಹೋಗಿ ವಿಚಾರಿಸಿದ್ದಳು. ಅಮ್ಮನ ಹೆಸರಿನಲ್ಲಿದ್ದ ಹತ್ತು ಸೆಂಟ್ಸ್ ಜಾಗಕ್ಕೆ ಅಣ್ಣ ಬಟ್ಯ ವಾರಸು ಪ್ರಮಾಣಪತ್ರ ಮಾಡಿಸಿದ್ದ. ಅದರಲ್ಲಿ ವಾರಸುದಾರ ಅವನೊಬ್ಬನೇ.

"ನಿಮಗೆ ಎಂತ ಬೇಕು ಈಗ?" ವಸುಮತಿ ಕೇಳಿದಳು.

"ಅಮ್ಮನ ಹೆಸರಿನ ಕೆಳಗೆ ನನ್ನ ಹೆಸರು ಬೇಕು."

"ಜಾಗ ಬೇಡವಾ?"

"ಬೇಕು. ಇನ್ನು ನಾನು ಎಲ್ಲಿ ಮಲಗುವುದು ಮೇಡಂ?"

ಸುತ್ತುಬಳಸಿಲ್ಲದ ಈ ಉತ್ತರ ವಸುಮತಿಗೆ ಹಿಡಿಸಿತು. ಸಂಜೆ ನಾಲ್ಕಕ್ಕೆ ಸುಳ್ಳು ಪ್ರಮಾಣ ಮತ್ತು ವಂಚನೆಯ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಉದಯಶಂಕರ ಅದನ್ನು ಮಲೆಯಾಳದಲ್ಲಿ ಬರೆದು ಅಕ್ಕುವಿಗೆ ತುಳುವಿನಲ್ಲಿ ವಿವರಿಸಿ ಹೆಬ್ಬೆಟ್ಟು ಒತ್ತಿಸಿಕೊಂಡ. ರಾತ್ರಿ ಉಳಿಯಲು ಅವಳಿಗೆ ಚೋಮನ ಮನೆಯ ಚಾವಡಿ ಸಿಕ್ಕಿತು.

ಮಂಗಳವಾರ ತಾಲೂಕು ಕಚೇರಿಯಿಂದ ಕಡತ ಬಂತು. ಅದರಲ್ಲಿ ಗುಟ್ಟೇನೂ ಇರಲಿಲ್ಲ. ತಂಗಿ ಬೇರೆ ಊರಿನಲ್ಲಿ ಸತ್ತ ಸುದ್ದಿ ಬಂದಿದೆ, ಮರಣಪತ್ರ ಸಿಕ್ಕಿಲ್ಲ ಎಂದು ಬಟ್ಯ ನೋಟರಿಯ ಮುಂದೆ ಅಫಿಡವಿಟ್ ಮಾಡಿದ್ದ. ಊರಿನ ಇಬ್ಬರು ಹೌದೆಂದಿದ್ದರು. ಗಜೆಟ್‌ನಲ್ಲಿ ಪ್ರಕಟಣೆಯೂ ಬಂದಿತ್ತು. ರತ್ನಾಗಿರಿಯಲ್ಲಿ ಸಿಗಡಿ ಸುಲಿಯುವವಳು ಕೇರಳದ ಗಜೆಟ್ ಓದಿ ತಕರಾರು ಸಲ್ಲಿಸುವುದುಂಟೇ?

ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬ ಚೋಮ. ಬಟ್ಯ ಹೇಳಿದ್ದನ್ನೇ ತಾನು ಹೇಳಿದ್ದೆಂದು ಅವನು ತಲೆ ಕೆರೆದುಕೊಂಡ. ಇನ್ನೊಬ್ಬ ಬಸ್ ಸ್ಟಾಪಿನ ಜಿನಸಿನ ಅಂಗಡಿಯ ಕುಂಞಮ್ಮದ್. ಅವನದೂ ಅದೇ ಕತೆ.

"ಸ್ವಂತ ತಂಗಿ ಸತ್ತಳು ಅಂತ ಯಾರಾದ್ರೂ ಸುಳ್ಳು ಹೇಳ್ತಾರಾ ಮೇಡಂ?" ಎಂದ. ವಸುಮತಿ ಅದನ್ನೂ ಬರೆದುಕೊಂಡಳು.

ಅವಳ ತೊಡಕು ಬೇರೆಯೇ ಇತ್ತು. ಸತ್ತಳೆಂದು ನಂಬಿ ಬರೆದಿದ್ದರೆ ಅದು ತಪ್ಪು ಮಾತ್ರ. ಬದುಕಿದ್ದಾಳೆಂದು ಗೊತ್ತಿದ್ದೂ ಬರೆದಿದ್ದರೆ ಅಪರಾಧ. ಬರೀ ತಪ್ಪಾದರೆ ಪೊಲೀಸರು ಕೈತೊಳೆದುಕೊಳ್ಳಬೇಕು, ಅಕ್ಕು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕು. ಅಲ್ಲಿ ತಾರೀಕಿನ ಮೇಲೆ ತಾರೀಕು ಬಿದ್ದು ತೀರ್ಪು ಬರುವಾಗ ಅವಳು ನಿಜಕ್ಕೂ ಸತ್ತಿರುತ್ತಾಳೆ. ಹಾಗಾಗಿ ತಿಳಿಯಬೇಕಾದದ್ದು ಒಂದೇ: ಬಟ್ಯನಿಗೆ ಗೊತ್ತಿತ್ತೋ ಇಲ್ಲವೋ?

ಬುಧವಾರ ಮಧ್ಯಾಹ್ನ ಇಬ್ಬರು ಪಂಚರನ್ನು ಕರೆದುಕೊಂಡು ವಸುಮತಿ ಮುಂಡಪದವಿನ ಬಟ್ಯನ ಮನೆಗೆ ಹೋದಳು. ಮಾಡಿನ ಅರ್ಧಕ್ಕೆ ಹಂಚು, ಅರ್ಧಕ್ಕೆ ನೀಲಿ ಟರ್ಪಾಲು. ಬಟ್ಯ ಅರುವತ್ತರ ಹತ್ತಿರದ ಸಣಕಲು ಮನುಷ್ಯ. ಜಾಗದ ತೆರಿಗೆ ರಶೀದಿ ತನ್ನ ಹೆಸರಿಗೆ ಆದರೆ ಮಾತ್ರ ಪಂಚಾಯತಿನ ಮನೆ ಯೋಜನೆಯಲ್ಲಿ ಹೊಸ ಮನೆ ಸಿಗುವುದಿತ್ತು, ಅದಕ್ಕೇ ವಾರಸು ಪತ್ರ ಎಂದು ಕೇಳುವ ಮೊದಲೇ ಹೇಳಿದ. ತಂಗಿಯ ವಿಷಯಕ್ಕೆ ಬಂದಾಗ ಮಾತ್ರ ಯಾರೋ ಬಾಯಿಪಾಠ ಮಾಡಿಸಿದ ಹಾಗಿತ್ತು.

"ಸತ್ತಳು ಅಂತ ಬೋಟಿನವರು ಯಾರೋ ಹೇಳಿದ್ರು ಮೇಡಂ. ನಾನು ನಂಬಿದೆ. ಬದುಕಿದ್ದಾಳೆ ಅಂದ್ರೆ ಒಳ್ಳೆಯದೇ ಆಯ್ತಲ್ಲ."

"ಹೇಳಿದ್ದು ಯಾರು?"

"ನೆನಪಿಲ್ಲ."

ಕೋರ್ಟಿನಲ್ಲಿ ಇಷ್ಟೇ ಸಾಕು, ಬಚಾವಾಗುತ್ತಾನೆ. ವಸುಮತಿ ಪಂಚನಾಮೆಗೆಂದು ಮನೆಯ ಒಳಗೆಲ್ಲ ಒಂದು ಸುತ್ತು ಬಂದಳು. ಅಡುಗೆಕೋಣೆಯಲ್ಲಿ ಬಟ್ಯನ ಹೆಂಡತಿ ಕೊಡಿಬಾಳೆಯ ಎಲೆಗಳನ್ನು ಒರೆಸಿ ಮಣೆಯ ಮೇಲೆ ಜೋಡಿಸುತ್ತಿದ್ದಳು. ಒಲೆಯ ಮೇಲೆ ಕೋಳಿ ಬೇಯುತ್ತಿತ್ತು. ಕೇಳುವ ಅಗತ್ಯವೇ ಇರಲಿಲ್ಲ. ಆಟಿ ತಿಂಗಳಲ್ಲಿ ತುಳುವರು ಮನೆಯ ಸತ್ತವರನ್ನು ಊಟಕ್ಕೆ ಕರೆಯುತ್ತಾರೆ, ಒಬ್ಬೊಬ್ಬರಿಗೂ ಒಂದೊಂದು ಎಲೆ. ವಸುಮತಿಯ ತವರಿನಲ್ಲೂ ಭಾನುವಾರವಷ್ಟೇ ಬಡಿಸಿದ್ದರು. ಒಬ್ಬರ ಎಲೆ ತಪ್ಪಿದರೂ ವರ್ಷವಿಡೀ ಮನೆಗೆ ನೆಮ್ಮದಿಯಿಲ್ಲವೆಂದು ಅವಳ ಸೋದರಮಾವ ಎರಡೆರಡು ಸಲ ಎಣಿಸುವವರು.

ಇಲ್ಲಿ ನಾಲ್ಕು ಎಲೆಗಳಿದ್ದವು. ಯಾರ್ಯಾರಿಗೆ ಎಂದು ಅವಳು ಲೋಕಾಭಿರಾಮವಾಗಿ ಕೇಳಿದಳು. ಮಾವನಿಗೆ, ಅತ್ತೆಗೆ, ಅತ್ತೆಯ ಅಣ್ಣನಿಗೆ, ಮದುವೆಗೆ ಮೊದಲೇ ತೆಂಗಿನ ಮರದಿಂದ ಬಿದ್ದು ತೀರಿಹೋದ ಮೈದುನನಿಗೆ ಎಂದು ಆ ಹೆಂಗಸು ಒಂದೊಂದೇ ಎಲೆ ಮುಟ್ಟಿ ಹೇಳಿದಳು. ಅಲ್ಲಿಗೆ ಲೆಕ್ಕ ಮುಗಿಯಿತು.

ವಸುಮತಿ ಜಗಲಿಗೆ ಬಂದು ಬಟ್ಯನ ಎದುರು ಕೂತಳು.

"ಬಟ್ಯಣ್ಣ, ಅಕ್ಕುವಿನ ಎಲೆ ಎಲ್ಲಿ?"

ಅವನು ಹೆಂಡತಿಯ ಕಡೆ ನೋಡಿದ. "ಅವಳು ಹೊರಗೆ ಸತ್ತದ್ದಲ್ಲವಾ ಮೇಡಂ..."

"ನಿಮ್ಮ ತಮ್ಮ ಸತ್ತದ್ದೂ ಮನೆಯಲ್ಲಲ್ಲ. ಅವನಿಗೆ ಎಲೆ ಉಂಟು."

ಬಟ್ಯ ಎದ್ದು ನಿಂತ.

"ಮರೆತುಹೋಗಿರಬಹುದು. ಈಗ ಒಂದು ಎಲೆ ತರಿಸಿ, ಅವಳ ಹೆಸರು ಹೇಳಿ ಇಡಿ. ನಾನು ಇಲ್ಲೇ ಕೂತಿರ್ತೇನೆ."

ಹೆಂಡತಿ ಐದನೆಯ ಎಲೆ ತಂದುಕೊಟ್ಟಳು. ಬಟ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದು ಒಳಕೋಣೆಯ ಬಾಗಿಲಿನ ತನಕ ಹೋದ. ಹೊಸ್ತಿಲು ದಾಟಲಿಲ್ಲ. ಸರ್ಕಾರಕ್ಕೆ ಸಲೀಸಾಗಿ ಬರೆದುಕೊಟ್ಟವನು ಇಲ್ಲಿ ಎಲೆ ಹಿಡಿದೇ ಹಿಂದೆ ತಿರುಗಿದ.

"ಬದುಕಿದ್ದವಳಿಗೆ ಹೇಗೆ ಇಡುವುದು ಮೇಡಂ?" ಎಂದ. "ಅವಳಿಗೆ ಎಂತಾದ್ರೂ ಆದ್ರೆ?"

ವಸುಮತಿಗೆ ಗೆದ್ದ ಖುಷಿಯೇನೂ ಆಗಲಿಲ್ಲ. ಮುದುಕನ ಕೈಯಿಂದ ಎಲೆ ತೆಗೆದುಕೊಂಡು ಪಕ್ಕಕ್ಕಿಟ್ಟು, ಕೂತುಕೊಳ್ಳಿ ಎಂದಳು.

ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಅಕ್ಕು ಬದುಕಿರುವ ಸುದ್ದಿ ಅವನಿಗೆ ಕೊಟ್ಟವನು ಬೇಕಿತ್ತು. ಈಗ ಬಟ್ಯನಿಗೆ ಹೆಸರು ನೆನಪಾಯಿತು. ಬೋಟಿನ ಕೆಲಸದ ಮಂಜ ಮರುದಿನ ಠಾಣೆಗೆ ಬಂದು ಹೇಳಿಕೆ ಕೊಟ್ಟ. ಐದು ವರ್ಷದ ಹಿಂದೆ ರತ್ನಾಗಿರಿಯಲ್ಲಿ ಅಕ್ಕುವನ್ನು ಕಂಡಿದ್ದ, ಅವಳು ಅಮ್ಮನಿಗೆಂದು ಕೊಟ್ಟ ಸೀರೆಯನ್ನು ತಂದು ಬಟ್ಯನ ಕೈಗೇ ಕೊಟ್ಟಿದ್ದ. ಆಗ ಅಮ್ಮ ಇನ್ನೂ ಇದ್ದಳು.

ಜುಲೈ 27, ಗುರುವಾರ ಸಂಜೆ ಐದು ಗಂಟೆಗೆ ಬಟ್ಯನ ಬಂಧನವಾಯಿತು. ಅವನು ಅಂಗಿ ಬದಲಾಯಿಸಿ, ಚಪ್ಪಲಿ ಹಾಕಿಕೊಂಡು, ತಾನಾಗಿಯೇ ಜೀಪು ಹತ್ತಿದ. ವಾರಸು ಪತ್ರ ರದ್ದುಪಡಿಸಿ ಮತ್ತೆ ವಿಚಾರಣೆ ಮಾಡಬೇಕೆಂದು ತಹಶೀಲ್ದಾರರಿಗೆ ಅಂದೇ ವರದಿ ಹೋಯಿತು.

ವಸುಮತಿಗೆ ಒಂದು ಮಾತ್ರ ಬಗೆಹರಿದಿರಲಿಲ್ಲ. ತಂಗಿ ಎಲ್ಲಿದ್ದಾಳೆಂದು ಗೊತ್ತಿತ್ತು. ಹೋಗಿ ಒಪ್ಪಿಗೆಯ ಒಂದು ಹೆಬ್ಬೆಟ್ಟು ಕೇಳಬಹುದಿತ್ತಲ್ಲ? ಲಾಕಪ್ಪಿನ ಹೊರಗೆ ಬೆಂಚಿನ ಮೇಲೆ ಕೂರಿಸಿ ಅದನ್ನೇ ಕೇಳಿದಳು.

ಬಟ್ಯ ನೆಲ ನೋಡುತ್ತಾ ಹೇಳಿದ. ಅಮ್ಮ ಎರಡು ವರ್ಷ ಹಾಸಿಗೆ ಹಿಡಿದಿದ್ದಳು. ಮೀಯಿಸಿದ್ದು, ಉಣ್ಣಿಸಿದ್ದು, ಬಟ್ಟೆ ಒಗೆದದ್ದು ಎಲ್ಲ ಅವನು. ಕಣ್ಣು ಬಿಟ್ಟರೆ ಅವಳು ಕೇಳುತ್ತಿದ್ದದ್ದು ಓಡಿಹೋದ ಮಗಳನ್ನು. ಆ ಸಿಟ್ಟಿಗೆ ಸೀರೆ ತೋರಿಸಲಿಲ್ಲ, ತಂಗಿಗೂ ಹೇಳಿಕಳಿಸಲಿಲ್ಲ.

"ಆಮೇಲೆ ಹೆಬ್ಬೆಟ್ಟು ಕೇಳಲಿಕ್ಕೆ ಹೋದ್ರೆ ಅಮ್ಮ ಹೋದದ್ದು ಹೇಳಬೇಕಿತ್ತು ಮೇಡಂ. ಯಾಕೆ ಕರೆಯಲಿಲ್ಲ ಅಂತ ಅವಳು ಕೇಳ್ತಿದ್ದಳು. ಅದಕ್ಕಿಂತ ಸತ್ತಳು ಅಂತ ಬರೆಯುವುದು ಸುಲಭ ಆಯ್ತು."

ಉದಯಶಂಕರ ಅಷ್ಟನ್ನೂ ಬರೆದುಕೊಂಡ. ಬಟ್ಯನನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕರೆದೊಯ್ದ ಮೇಲೆ ವಸುಮತಿ ಅಕ್ಕುವನ್ನು ಕೋಣೆಗೆ ಕರೆಸಿದಳು. ಪ್ರಮಾಣಪತ್ರ ಸರಿಯಾಗಲು ಸ್ವಲ್ಪ ಸಮಯ ಬೇಕು, ಆದರೆ ಆಗುತ್ತದೆ, ಹೆಸರು ಬರುತ್ತದೆ ಎಂದು ತಿಳಿಸಿದಳು. ಅಕ್ಕು ತಲೆಯಾಡಿಸಿದಳು. ಅಣ್ಣ ಎಂತ ಹೇಳಿದ ಎಂದು ಮಾತ್ರ ಕೇಳಿದಳು.

ವಸುಮತಿ ಕಣ್ಸನ್ನೆ ಮಾಡಿದಳು. ಉದಯಶಂಕರ ಹೇಳಿಕೆಯನ್ನು ಮಲೆಯಾಳದಿಂದ ತುಳುವಿಗೆ ತಿರುಗಿಸುತ್ತಾ ನಿಧಾನಕ್ಕೆ ಓದಿದ. ಹಾಸಿಗೆ ಹಿಡಿದದ್ದು ಬಂತು, ಸೀರೆಯ ವಿಷಯ ಬಂತು, ಅಫಿಡವಿಟ್ ಬಂತು. ಅಕ್ಕು ಸೆರಗು ಬಿಗಿಯಾಗಿ ಹಿಡಿದುಕೊಂಡು ಕೊನೆಯ ತನಕ ಕೇಳಿದಳು. ಬೈಯಲಿಲ್ಲ, ಅಳಲಿಲ್ಲ.

"ಅಮ್ಮ ನನ್ನನ್ನು ಕೇಳಿದ್ದು ಅಂತ ಉಂಟಲ್ಲ," ಎಂದಳು. "ಅದೊಂದು ಸಾಲು ಇನ್ನೊಮ್ಮೆ ಓದಿ."

ಉದಯಶಂಕರ ಹಾಳೆ ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಓದಿದ.