ಯಜಮಾನರ ನಾಲಿಗೆ

"ಅಪ್ಪ ಮಾಡಿದ ಟೀನ ಬಚ್ಚಲಿಗೆ ಸುರೀತಿದೀಯಾ?!"

ಅಂಗಡಿ ಯಜಮಾನರ ಮಗಳ ಕೂಗಿಗೆ ಟೀ ಮಾಸ್ಟರ್ ಬೆಚ್ಚಿಬಿದ್ದ. ಅವನ ಕೈಯಲ್ಲಿ ಖಾಲಿ ಕೆಟಲ್. ಒಲೆಯ ಮೇಲೆ ಅವನೇ ಗುಟ್ಟಾಗಿ ಇಟ್ಟ ಬೇರೆ ಚಹಾ ಕುದಿಯುತ್ತಿತ್ತು.

ಗಂಡ ಸತ್ತ ಮೇಲೆ ಕಂಡವರ ಮುಂದೆ ಕೈಚಾಚಲಾರೆ ಎಂದು ಅಜ್ಜಿ ಮುಂಗೋಣೆಯಲ್ಲಿ ನಾಲ್ಕು ಕುರ್ಚಿ ಹಾಕಿ ಶುರುಮಾಡಿದ ಅಂಗಡಿ ಅದು. ಅವಳದ್ದೊಂದೇ ಕಟ್ಟಳೆ. ಅಂಗಡಿಯ ಯಜಮಾನರಾದವರು ಒಂದು ಚಮಚ ರುಚಿ ನೋಡಿ "ಹೂಂ" ಅನ್ನುವವರೆಗೆ ಒಂದು ಲೋಟವೂ ಹೊರಗೆ ಹೋಗಕೂಡದು. ಅಜ್ಜಿಯ ನಂತರ ಆ "ಹೂಂ" ಅಪ್ಪನದಾಯಿತು.

ಅಪ್ಪ "ಹೂಂ" ಅಂದ ಚಹಾವನ್ನು ಇವನು ಚೆಲ್ಲುವುದೇ! ಅದೂ ತಾನು ಮದುವೆಯಾಗಲಿದ್ದವನು...

ಟೀ ಅಂಗಡಿಯ ಮಗಳಾಗಿಯೂ ಅವಳು ಟೀ ಮುಟ್ಟುತ್ತಿರಲಿಲ್ಲ. ರುಚಿ ನೋಡಬೇಕೆಂದು ಆಗಲೂ ಅವಳಿಗೆ ಹೊಳೆಯಲಿಲ್ಲ.

"ಅಂಗಡಿ ಆಗ್ಲೇ ನಿನ್ನದಾಯ್ತು ಅಂದ್ಕೊಂಡ್ಯಾ?"

ಅವನು ಏನೋ ಹೇಳಲು ಹೋದ. ಬಾಗಿಲಿಗೆ ಬಂದು ನಿಂತ ಅವಳಪ್ಪನ ಮುಖ ನೋಡಿ ಸುಮ್ಮನಾದ.

ಅಪ್ಪನೂ ತುಟಿಪಿಟಕ್ಕೆನ್ನಲಿಲ್ಲ.

"ನಡಿ ಆಚೆ!" ಅಂದಳು. ಅವನು ಹೋದ.

ಆಮೇಲೆ ಗಿರಾಕಿಗಳು ಒಬ್ಬೊಬ್ಬರೇ ಜಾರಿಕೊಂಡರು. ಹೊಟ್ಟೆಕಿಚ್ಚಿಗೆ ಅವನೇ ಏನೋ ಹಬ್ಬಿಸಿರಬೇಕೆಂದು ಅವಳು ಹಲ್ಲು ಕಚ್ಚಿದಳು.

ಒಂದು ಬೆಳಗ್ಗೆ ಪಕ್ಕದಂಗಡಿಯ ದರ್ಜಿ ಮಾವ ಬಾಯಲ್ಲಿದ್ದ ಚಹಾವನ್ನು ಥೂ ಎಂದು ಉಗಿದ.

"ಏನಮ್ಮಾ ಇದು, ಬರೀ ಉಪ್ಪು!"

ಅವಳು ಅಡುಗೆಮನೆಗೆ ಓಡಿದಳು. ಅದೇ ಕೆಟಲ್‌ನಿಂದ ಅಪ್ಪ ಇನ್ನೊಂದು ಚಮಚ ಬಾಯಿಗಿಟ್ಟು, "ಹೂಂ" ಅಂದ.

"ಅಪ್ಪಾ... ಸಕ್ಕರೆ ಅಲ್ಲ, ಉಪ್ಪು ಹಾಕಿದೀರಿ!"

ಅಪ್ಪ ಕುಸಿದು ಕೂತ. "ಜ್ವರ ಬಂದು ಮಲಗಿದ್ನಲ್ಲ, ಆಗಿನಿಂದ ನಂಗೆ ಯಾವ ರುಚಿನೂ ತಿಳಿಯಲ್ಲ ಮಗಳೇ. ನಾನು ಕೆಡಿಸಿದ್ದನ್ನ ಚೆಲ್ಲಿ, ಬೇರೆ ಮಾಡಿ, ಅವನೇ ನನ್ನ ಮಾನ ಉಳಿಸ್ತಿದ್ದ. ನಿಂಗೂ ಹೇಳ್ಬಾರದು ಅಂತ ಆಣೆ ಹಾಕಿಸ್ಕೊಂಡಿದ್ದೆ."

"ನಾನು ಅವನನ್ನ ಅಟ್ಟುವಾಗಲಾದ್ರೂ ಬಾಯಿ ಬಿಡಬಾರದಿತ್ತಾ ಅಪ್ಪಾ!"

"ನಾಚಿಕೆ ಆಯ್ತು..."

ಅಪ್ಪ ತೀರಿಕೊಂಡ ಮೇಲೂ ಅವಳ ಆ ಸಿಟ್ಟು ಸಾಯಲಿಲ್ಲ. ಆದರೆ ಅಟ್ಟಿದವಳು ತಾನೇ ಅಲ್ಲವೇ? ಅವನ ಮುಂದೆ ನಿಲ್ಲಲು ಮುಖವಿಲ್ಲದೆ ವರ್ಷಗಟ್ಟಲೆ ದಿನ ದೂಡಿದಳು. ಕೊನೆಗೆ ಅಂಗಡಿಯೂ ಮುಚ್ಚಿದಾಗ, ರೈಲ್ವೆ ಸ್ಟೇಷನ್ನಿನ ಕ್ಯಾಂಟೀನಿಗೆ ಅವನನ್ನು ಹುಡುಕಿಕೊಂಡು ಹೋದಳು.

ಅವನು ಲೋಟ ತೊಳೆಯುತ್ತಿದ್ದ. ಕಿವಿಯ ಹತ್ತಿರ ಕೂದಲು ನೆರೆತಿತ್ತು.

"ಅಂಗಡಿಗೆ ಕರೆಯೋಕೆ ಬಂದ್ಯಾ?"

"ಅಂಗಡಿನೂ ಇಲ್ಲ, ಅಪ್ಪನೂ ಇಲ್ಲ. ಎಲ್ಲಾ ಗೊತ್ತಾಯ್ತು... ನಂಗೆ ಒಂದು ಮಾತು ಹೇಳ್ಬಾರದಿತ್ತಾ?"

"ನೀನು ಒಂದು ಮಾತು ಕೇಳ್ಬಾರದಿತ್ತಾ? ಯಾಕೋ ಹೀಗೆ ಮಾಡ್ದೆ ಅಂತ?"

ಅವಳ ಎದೆಗೆ ಚೂರಿ ಹಾಕಿದಂತಾಯಿತು.

"ಕ್ಷಮಿಸ್ತೀಯಾ?"

"ಈಗ ಆಗಲ್ಲ. ಸುಳ್ಳು ಯಾಕೆ ಹೇಳ್ಲಿ?"

ಅವಳು ತಲೆತಗ್ಗಿಸಿ ತಿರುಗಿದಳು. ಒದ್ದೆ ಕೈಯೊಂದು ಅವಳ ಮಣಿಕಟ್ಟು ಹಿಡಿಯಿತು.

"ತುಂಬಾ ಸಿಟ್ಟಿದೆ ಕಣೇ..." ಅವನ ದನಿ ಒಡೆಯಿತು. "ಅದು ಇಳಿಯೋವರೆಗೂ ಇರ್ತೀಯಾ?"

"ಇಳೀದೇ ಇದ್ರೂ ಇರ್ತೀನಿ."