ಗಿನಿಕೋಳಿ ನುಗ್ಗಿದ ಕ್ಷಣ

ಬಾಬಾ ನೈಂಡೂ ಅವರ ಅಂಗಿಯೊಳಕ್ಕೆ ಗಿನಿಕೋಳಿ ನುಗ್ಗಿದ ಕ್ಷಣಕ್ಕೆ ಸರಿಯಾಗಿ ಪರದೆ ಸತ್ತಿತು.

ಮೊದಲು ಹಸಿರು ಗೀಟುಗಳು. ಆಮೇಲೆ ಮುದುಕರ ಮುಖ ಚೌಕಚೌಕವಾಗಿ ಚೂರಾಯಿತು. ಬಳಿಕ ಕಗ್ಗತ್ತಲೆ. ಪರದೆ ಮತ್ತೆ ಬೆಳಗಿದಾಗ ಮೂಲೆಯಲ್ಲಿ ಅದೇ ಹಾಳು ಸಂದೇಶ: ‘ಡಿಸ್‌ಪ್ಲೇ ಡ್ರೈವರ್ ಕೆಲಸ ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ.’

“ಚೇತರಿಸಿಕೊಂಡಿದೆಯಂತೆ! ನಾನು ಚೇತರಿಸಿಕೊಳ್ಳೋದು ಯಾವಾಗ?” ನಕ್ಕು ನಕ್ಕು ಬಂದ ಕಣ್ಣೀರನ್ನು ಒರೆಸಿಕೊಳ್ಳುತ್ತ ನಿಂತಿದ್ದ ಹಾಜಿಯಾ ಸನಾಟು ಈಗ ನಿಜವಾಗಿಯೇ ಅಳುವ ದನಿ ತೆಗೆದರು. “ಮತ್ತೆ ಅದೇ ಜಾಗ! ಮತ್ತೆ ಅದೇ ಕೋಳಿ!” ಎನ್ನುತ್ತ, ತಮಗೆಂದೇ ಆಕ್ರಾದಿಂದ ತರಿಸಿದ್ದ ಸುತ್ತುವ ಕುರ್ಚಿಗೆ ಧೊಪ್ಪೆಂದು ಒರಗಿದರು.

ವುಂಪಿನಿ ಮರದ ಸ್ಟೂಲಿನ ಮೇಲೆ ಕಲ್ಲಾಗಿ ಕುಳಿತಿದ್ದಳು. ತಮಾಲೆ ಪೇಟೆಯ ಹಿಂದಿನ ಆ ಪುಟ್ಟ ಸ್ಟುಡಿಯೋದಲ್ಲಿ ಸಿನಿಮಾ ಕತ್ತರಿಸಿ ಜೋಡಿಸುವವಳು ಅವಳು. ಹಾಜಿಯಾ ಶಿಯಾ ಮರದ ಬೀಜದಿಂದ ತೆಗೆಯುವ ಬೆಣ್ಣೆಯ ವ್ಯಾಪಾರದಲ್ಲಿ ಗಳಿಸಿದ್ದನ್ನು ಈ ದಗ್ಬಾನಿ ಭಾಷೆಯ ಸಿನಿಮಾಕ್ಕೆ ಸುರಿದಿದ್ದರು. ಶನಿವಾರ ಊರಿನ ಹಾಲ್‌ನಲ್ಲಿ ಮೊದಲ ಪ್ರದರ್ಶನ. ಇದೇ ಕಂಪ್ಯೂಟರನ್ನು ಹೊತ್ತೊಯ್ದು ಪ್ರೊಜೆಕ್ಟರಿಗೆ ಜೋಡಿಸಬೇಕು. ಅಷ್ಟು ದೊಡ್ಡ ಚಿತ್ರವನ್ನು ತಡವರಿಸದೆ ಓಡಿಸುವ ಯಂತ್ರ ಅವರ ಬಳಿ ಇನ್ನೊಂದಿರಲಿಲ್ಲ.

“ಊರೆಲ್ಲ ಕೂತಿರುವಾಗ ಹೀಗಾದರೆ? ನನ್ನ ಮಾನ ಹೋಗುತ್ತೆ ಕಣೇ. ಆ ದೃಶ್ಯ ಕತ್ತರಿಸಿಬಿಡು.”

“ಹಾಜಿಯಾ! ಅದನ್ನ ತೆಗೆದರೆ ಬಾಬಾ ಸಿನಿಮಾದಲ್ಲೇ ಇರಲ್ಲ. ಅವರದ್ದು ಅದೊಂದೇ ದೃಶ್ಯ.”

“ಆ ದೃಶ್ಯಕ್ಕೆ ಯಾರದ್ದೋ ಕಣ್ಣು ಬಿದ್ದಿದೆ,” ಎಂದ ಬಾಗಿಲ ಬಳಿ ಮೊಬೈಲ್ ಉಜ್ಜುತ್ತ ನಿಂತಿದ್ದ ರುಫಾಯ್. ಹಾಜಿಯಾರ ತಂಗಿಯ ಮಗ, ಸಿನಿಮಾದ ನಾಯಕ. “ನಾನು ಮೊದಲೇ ಹೇಳಿದ್ದೆ ದೊಡ್ಡಮ್ಮ. ಮದುವೆ ಮಾತುಕತೆ ದೃಶ್ಯದಲ್ಲಿ ಜನ ವರನನ್ನ ನೋಡಬೇಕೋ, ಕೋಳಿಯನ್ನ ನೋಡಬೇಕೋ?”

ನಾಟಕ ಬಿಟ್ಟು ವರ್ಷಗಟ್ಟಲೆ ಮನೆಯಲ್ಲಿ ಕೂತಿದ್ದ ಬಾಬಾರನ್ನು ಕಾಡಿ ಬೇಡಿ ಕ್ಯಾಮೆರಾ ಮುಂದೆ ತಂದವಳು ವುಂಪಿನಿಯೇ. ಮುದುಕರು ಆಗಲೇ ಕೇರಿಯವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಈಗ ಅವರ ಬಾಗಿಲಿಗೆ ಹೋಗಿ ಏನೆನ್ನುವುದು?

ಅವಳು ಹೊರಗೆ ಬಂದು ಫೋನ್ ಮಾಡಿದಳು.

“ಅತ್ತೆ, ಒಂದು ಕಳವಾಗಿದೆ.”

“ಏನು ಹೋಯ್ತು?” ಆಚೆಯಿಂದ ಅಜಾರಾರ ಗಡಸು ದನಿ. ಬೋಲ್ಗಾದಿಂದ ಯೆಂಡಿವರೆಗೆ ಕಳ್ಳರು ಹೆಸರು ಕೇಳಿದರೆ ದಾರಿ ಬದಲಿಸುತ್ತಿದ್ದ ಪೊಲೀಸ್ ಇನ್ಸ್‌ಪೆಕ್ಟರ್. ಈಗ ನಿವೃತ್ತಿ.

“ಒಂದು ನಗು.”

“ಬೆಳಿಗ್ಗೆ ಬರ್ತೀನಿ. ಯಾರೂ ಏನನ್ನೂ ಮುಟ್ಟಬೇಡಿ.”

ಮರುದಿನ ಅಜಾರಾ ಅತ್ತೆ ಬಂದಾಗ ಸಹಾರಾ ಕಡೆಯ ಒಣಗಾಳಿ ಊರಿಗೆಲ್ಲ ಬೂದಿ ಬಣ್ಣ ಬಳಿದಿತ್ತು. ತುಟಿ ಒಡೆಯುವಂಥ ಒಣಹವೆ. ಅವರು ಬಾಗಿಲ ಹಿಡಿ ಮುಟ್ಟಿದ್ದೇ ತಡ, ಚಟ್ ಎಂದಿತು.

“ನಿನ್ನ ಬಾಗಿಲೇ ಕಚ್ಚುತ್ತಲ್ಲೇ!”

“ಈ ಗಾಳಿ ಶುರುವಾದರೆ ಹಾಗೇ ಅಲ್ವಾ ಅತ್ತೆ.”

ಹಾಜಿಯಾ, ರುಫಾಯ್ ಇಬ್ಬರಿಗೂ ಕರೆ ಹೋಗಿತ್ತು. ಕಂಪ್ಯೂಟರ್ ರಿಪೇರಿಯ ತಿಯುಂಬಾ ಆಗಲೇ ಬಂದು ಕುಳಿತಿದ್ದ. ಅತ್ತೆ ಮೊದಲು ಹಿಡಿದದ್ದು ಅವನನ್ನೇ.

“ಈ ಡ್ರೈವರ್ ಅನ್ನೋನು ಯಾರು?”

“ಮನುಷ್ಯ ಅಲ್ಲ ಮೇಡಂ. ಕಂಪ್ಯೂಟರಿನ ಮಾತನ್ನ ಗ್ರಾಫಿಕ್ಸ್ ಕಾರ್ಡಿಗೆ ಅರ್ಥ ಮಾಡಿಸೋ ದುಭಾಷಿ. ಕಾರ್ಡು ಪರದೆ ಮೇಲೆ ಚಿತ್ರ ಬಿಡಿಸುತ್ತೆ. ದುಭಾಷಿ ತಡವರಿಸಿದರೆ ಚಿತ್ರ ಕೆಡುತ್ತೆ.”

“ಅವನ ಮೇಲೆ ಅನುಮಾನ ಯಾಕೆ?”

“ಸಿಕ್ಕಿಬಿದ್ದಿದ್ದೇ ಅವನು ಮೇಡಂ! ಪ್ರತಿ ಸಲವೂ ಅವನದ್ದೇ ಹೆಸರು ಬರುತ್ತೆ. ಹೋದ ವಾರ ತಾನಾಗೇ ಹೊಸ ಡ್ರೈವರ್ ಇಳೀತು. ತೊಂದರೆ ಶುರುವಾದದ್ದೂ ಹೋದ ವಾರವೇ.”

“ನೀನೇನು ಮಾಡಿದೆ?”

“ಹೊಸದನ್ನ ಬೇರುಸಹಿತ ಕಿತ್ತು ಹಳೇದು ಹಾಕಿದೆ. ಆಗಲಿಲ್ಲ. ಹಳೇದು ಕಿತ್ತು ಹೊಸದು ಹಾಕಿದೆ. ಕಾರ್ಡು ಬಿಚ್ಚಿ ಧೂಳು ಊದಿದೆ. ಬಿಸಿ ಆಗ್ತಿದೆಯಾ ನೋಡಿದೆ. ಇಲ್ಲ. ಕರೆಂಟು ಸರಿಯಾಗಿದೆ. ಸಿನಿಮಾದ ಫೈಲೇ ಕೆಟ್ಟಿದೆಯಾ ಅಂತ ಆ ದೃಶ್ಯವನ್ನ ಚಿಕ್ಕದು ಮಾಡಿ ನನ್ನ ಮೊಬೈಲಲ್ಲಿ ಓಡಿಸಿದೆ. ಚಿನ್ನದ ಹಾಗೆ ಓಡ್ತು.”

“ಅಂದರೆ ದೃಶ್ಯ ನಿರಪರಾಧಿ.”

“ದೃಶ್ಯ ನಿರಪರಾಧಿ. ಆದರೆ ಈ ಯಂತ್ರಕ್ಕೆ ಆ ದೃಶ್ಯ ಕಂಡರಾಗಲ್ಲ!”

ಅತ್ತೆ ವುಂಪಿನಿಯ ಕಡೆ ತಿರುಗಿದರು. “ನೀನೊಬ್ಬಳೇ ಇದ್ದಾಗ ಹೀಗಾಗಿದೆಯಾ?”

ವುಂಪಿನಿ ಯೋಚಿಸಿದಳು. “ಇಲ್ಲ. ಬೆಳಿಗ್ಗೆ ಅದೇ ದೃಶ್ಯವನ್ನ ಹಿಂದೆ ಮುಂದೆ ಎಳೆದಾಡ್ತೀನಿ. ಏನೂ ಆಗಲ್ಲ. ಎಲ್ಲ ಸಂಜೆ ಹೊತ್ತೇ.”

“ಸಂಜೆ ಯಾರು ಬರ್ತಾರೆ?”

“ಹಾಜಿಯಾ... ಮತ್ತೆ ರುಫಾಯ್.”

ಎಲ್ಲರ ಕಣ್ಣೂ ರುಫಾಯ್ ಮೇಲೆ ಬಿದ್ದವು. ಅವನು ಫೋನನ್ನು ಜೇಬಿಗೆ ತುರುಕಿದ.

“ಅದನ್ಯಾಕಪ್ಪ ಬಚ್ಚಿಟ್ಟೆ?” ಅತ್ತೆ ಕೈ ಚಾಚಿದರು. “ಇಲ್ಲಿ ಕೊಡು.”

“ಇದರಲ್ಲೇನಿದೆ ಮೇಡಂ? ಅಭಿಮಾನಿಗಳ ಮೆಸೇಜು—”

“ಎಷ್ಟು ಜನ ಅಭಿಮಾನಿಗಳು?”

“...ಸದ್ಯಕ್ಕೆ ನಮ್ಮಮ್ಮ, ಇನ್ನೊಬ್ಬರು.”

ತಿಯುಂಬಾ ಕಿಸಕ್ಕೆಂದ. ಅತ್ತೆ ನಗಲಿಲ್ಲ. “ಆ ದೃಶ್ಯ ತೆಗೆಯೋಕೆ ಹೇಳಿದ್ದು ನೀನೇ ಅಲ್ವಾ?”

“ಹೇಳಿದ್ದು ನಿಜ,” ರುಫಾಯ್ ಕೆಂಪಗಾದ. “ಆರು ಹಾಡಿಗೆ ಕುಣಿದವನು ನಾನು. ಮುದುಕರು ಕೋಳಿ ಬಿಟ್ಟುಕೊಂಡು ಎಲ್ಲ ಚಪ್ಪಾಳೆ ಬಾಚಿಕೊಂಡು ಹೋಗ್ತಾರೆ. ಹೊಟ್ಟೆ ಉರಿಯೋದಿಲ್ವಾ? ಆದರೆ ಯಂತ್ರ ಕೆಡಿಸೋಕೆ ನನಗೆ ಬರಲ್ಲ ಮೇಡಂ. ಫೋನಿಗೆ ಪಾಸ್‌ವರ್ಡ್ ಹಾಕಿಕೊಟ್ಟಿದ್ದೂ ತಿಯುಂಬಾನೇ.”

“ಇವನ ಫೋನಿನಿಂದ ಪರದೆ ಕೆಡಬಹುದಾ?” ಅತ್ತೆ ಕೇಳಿದರು.

“ನನಗೂ ಅನುಮಾನ ಬಂದಿತ್ತು,” ಎಂದ ತಿಯುಂಬಾ. “ಆದರೆ ಮಂಗಳವಾರ ಸಂಜೆ ಇವನು ಯಂತ್ರದ ಪಕ್ಕದಲ್ಲೇ ಕೂತು ಫೋನಲ್ಲಿ ಮಾತಾಡ್ತಿದ್ದ. ಅವತ್ತು ದೃಶ್ಯ ಸಲೀಸಾಗಿ ಓಡ್ತು.”

ಅತ್ತೆಯ ಹುಬ್ಬು ಮೇಲೇರಿತು. “ಓಡ್ತಾ? ಸಂಜೆ? ಹಾಜಿಯಾ ಇದ್ದರಾ?”

“ಇದ್ದೆನಲ್ಲ!” ಎಂದರು ಹಾಜಿಯಾ. “ಇಲ್ಲೇ, ಇದೇ ಕುರ್ಚಿ ಮೇಲೆ.”

“ಹಾಗಾದರೆ ಮಂಗಳವಾರ ಏನು ವಿಶೇಷ?”

“ಅವತ್ತು ಸದ್ದಿರಲಿಲ್ಲ,” ವುಂಪಿನಿ ನೆನಪಿಸಿಕೊಂಡಳು. “ಪಕ್ಕದ ಮನೆ ಬಾಣಂತಿ ಕೂಸನ್ನ ಮಲಗಿಸ್ತಿದ್ದಳು. ಅವಳತ್ತೆ ಬಂದು, ‘ನಿಮ್ಮ ಸಿನಿಮಾದ ಬಾಯಿ ಮುಚ್ಚಿಸ್ತೀರೋ, ನಾನು ಬಂದು ಮುಚ್ಚಿಸಲೋ’ ಅಂದಳು. ಸ್ಪೀಕರ್ ಕಿತ್ತಿಟ್ಟು ಬರೀ ಚಿತ್ರ ನೋಡಿದ್ವಿ.”

“ಅದಕ್ಕೇ ಬುಧವಾರ ಧ್ವನಿಯ ಡ್ರೈವರನ್ನೂ ಬದಲಾಯಿಸಿದೆ,” ಎಂದ ತಿಯುಂಬಾ. “ಸ್ಪೀಕರ್ ಹಾಕಿದ್ವಿ. ಪರದೆ ಮತ್ತೆ ಢಮಾರ್!”

ಅಜಾರಾ ಅತ್ತೆ ಎದ್ದು ಕೋಣೆಯಲ್ಲಿ ಒಂದು ಸುತ್ತು ಬಂದರು. ಮೇಜಿನ ಕೆಳಗೆ ಬಗ್ಗಿ ನೋಡಿದರು. ಪರದೆಯಿಂದ ಹೊರಟ ತೆಳ್ಳನೆಯ ಉದ್ದ ಕೇಬಲ್ಲು ನೆಲದ ಮೇಲೆ ಹಾವಿನಂತೆ ಹರಿದು ಹೋಗಿತ್ತು.

“ಇಷ್ಟುದ್ದ ಯಾಕೆ?”

“ಮೊದಲು ಗಿಡ್ಡದಿತ್ತು, ದಪ್ಪಗೆ. ಹೋದ ವಾರ ಜಾಗ ಮಾಡೋಕೆ ಮೇಜು ಸರಿಸಿದ್ವಿ. ಅದು ಮುಟ್ಟಲಿಲ್ಲ. ಪೇಟೆಯಲ್ಲಿ ಇದು ಸಿಕ್ತು,” ಎಂದಳು ವುಂಪಿನಿ.

“ಯಾವುದಕ್ಕೆ ಜಾಗ?” ಎಂದು ಕೇಳಿದ ಅತ್ತೆ ಉತ್ತರಕ್ಕೆ ಕಾಯಲೇ ಇಲ್ಲ. “ಹಾಜಿಯಾ, ಆ ದೃಶ್ಯ ನನಗೆ ಹೇಳಿ. ನಾನಿನ್ನೂ ನೋಡಿಲ್ಲ.”

ಹಾಜಿಯಾರ ಮುಖ ಹೊಳೆಯಿತು. “ಅಯ್ಯೋ, ಹೇಳ್ತೀನಿ ಕೇಳಿ! ಬಾಬಾ ವರನ ಕಡೆ ಹಿರಿಯರು. ಶಾಸ್ತ್ರದ ಕೋಲಾ ಕಾಯಿ ಹಿಡಕೊಂಡು ಗಂಭೀರವಾಗಿ ಹೆಣ್ಣು ಕೇಳೋ ಭಾಷಣ ಶುರು ಮಾಡ್ತಾರೆ. ಉಡುಗೊರೆಗೆ ತಂದ ಗಿನಿಕೋಳಿ ತಪ್ಪಿಸಿಕೊಂಡು ಅವರ ದೊಗಳೆ ಫುಗು ಅಂಗಿಯೊಳಗೆ ನುಗ್ಗುತ್ತೆ. ಭಾಷಣ ನಿಲ್ಲಿಸೋ ಹಾಗಿಲ್ಲ, ಮರ್ಯಾದೆ ಪ್ರಶ್ನೆ! ಕೋಳಿ ಕುಕ್ಕಿದಾಗಲೆಲ್ಲ ದನಿ ಏರುತ್ತೆ. ‘ನಿಮ್ಮ ಮಗಳು ನಮ್ಮ ಮನೆಯ ಬೆಳಕೂಊಊ!’ ಅಂತಾರೆ. ಹುಡುಗಿ ಅಪ್ಪನಿಗೆ ಇದು ಪ್ರೀತಿ ಉಕ್ಕಿ ಬಂದದ್ದು ಅನ್ನಿಸಿ, ಅವನೂ ಗೊಳೋ ಅಂತ—” ಮುಂದೆ ಮಾತು ಹೊರಡದೆ ಹಾಜಿಯಾ ಹೊಟ್ಟೆ ಹಿಡಿದುಕೊಂಡರು. ತಿಯುಂಬಾನೂ ನಕ್ಕ. ರುಫಾಯ್ ಕೂಡ ಗೋಡೆ ಕಡೆ ಮುಖ ಮಾಡಿ ಭುಜ ಕುಣಿಸಿದ.

ಅಜಾರಾ ಅತ್ತೆ ಮಾತ್ರ ಏಳಲು ನೆಲ ಒತ್ತುತ್ತಿದ್ದ ಹಾಜಿಯಾರ ಕಾಲುಗಳನ್ನೇ ನೋಡುತ್ತಿದ್ದರು.

“ವುಂಪಿನಿ, ಸಿನಿಮಾ ಮುಚ್ಚು. ಪರದೆ ಮೇಲೆ ಬರೀ ನೀಲಿ ಬಣ್ಣ ಹಾಕು. ಕೋಳಿ ಬೇಡ, ಬಾಬಾ ಬೇಡ. ಉಳಿದವರೆಲ್ಲ ಗೋಡೆಗೆ ಒರಗಿ ನಿಲ್ಲಿ. ಹಾಜಿಯಾ, ನೀವು ಆರಾಮಾಗಿ ಕೂತಿರಿ.”

ನೀಲಿ ಪರದೆ ಅಲುಗದೆ ಹೊಳೆಯುತ್ತಿತ್ತು. ಅತ್ತೆ ಹಾಜಿಯಾರ ಬಟ್ಟೆ ಹೊಗಳಿದರು. ಈ ಲೇಸು ಎಲ್ಲಿಯದು, ಎಷ್ಟು ಚೆನ್ನಾಗಿದೆ ಎಂದರು. ಹಾಜಿಯಾ ಹಿಗ್ಗಿ ಕುರ್ಚಿಯಲ್ಲೇ ಅತ್ತಿತ್ತ ಹೊರಳಿದರು.

“ಹಾಜಿಯಾ!” ಅತ್ತೆ ಇದ್ದಕ್ಕಿದ್ದಂತೆ ಕೂಗಿದರು. “ಹಿಂದೆ ಓತಿಕ್ಯಾತ!”

“ಯಾ ಅಲ್ಲಾ!” ಹಾಜಿಯಾ ಚಿಮ್ಮಿ ಎದ್ದರು.

ಹಸಿರು ಗೀಟು. ಚೌಕಗಳು. ಕತ್ತಲೆ.

ಎಲ್ಲರೂ ಬಾಯಿ ತೆರೆದು ನಿಂತರು. ಪರದೆ ಮೆಲ್ಲನೆ ಬೆಳಗಿತು. ಡ್ರೈವರ್ ಚೇತರಿಸಿಕೊಂಡಿತ್ತು.

“ಎಲ್ಲಿ? ಎಲ್ಲಿದೆ?” ಹಾಜಿಯಾ ಬಟ್ಟೆ ಕೊಡವುತ್ತಿದ್ದರು.

“ಇಲ್ಲ ಹಾಜಿಯಾ. ಕ್ಷಮಿಸಿ.” ಅತ್ತೆ ಆ ಸುತ್ತುವ ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟರು. “ಅಪರಾಧಿ ಸಿಕ್ಕ. ಇವನೇ.”

“ಕುರ್ಚಿನಾ!”

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಬಾಬಾ ನೈಂಡೂ. ಸಣಕಲು ಮೈ, ತಲೆಗೆ ಬಟ್ಟೆಯ ಟೋಪಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ನಾನೇ ಹೇಳಿ ಹೋಗೋಣ ಅಂತ ಬಂದೆ ಮಗಳೇ,” ಎಂದರು ವುಂಪಿನಿಗೆ. “ನನ್ನ ಜೊತೆ ಅಪಶಕುನ ಬಂದಿದೆ ಅಂತ ಪೇಟೆಯಲ್ಲಿ ಮಾತು. ನನ್ನ ಸಲುವಾಗಿ ಜಗಳ ಬೇಡ. ಕತ್ತರಿಸಿಬಿಡು.”

“ಒಳಗೆ ಬನ್ನಿ ಬಾಬಾ,” ಅತ್ತೆ ಅವರನ್ನು ಕೈಹಿಡಿದು ಮರದ ಸ್ಟೂಲಿನ ಮೇಲೆ ಕೂರಿಸಿದರು. “ನೀವೂ ಕೇಳಬೇಕಾದ ವಿಚಾರ ಇದು. ಹೋದ ವಾರ ಹೊಸದಾಗಿ ಏನು ಬಂತು ಅಂದರೆ ಎಲ್ಲರೂ ಡ್ರೈವರ್ ಅಂದರು. ಡ್ರೈವರ್ ಬೆಳಿಗ್ಗೆಯೂ ಇರುತ್ತಾನೆ, ಸಂಜೆಯೂ ಇರುತ್ತಾನೆ. ತಪ್ಪು ಸಂಜೆ ಮಾತ್ರ ಆಗುತ್ತೆ. ಅದೇ ವಾರ ಕುರ್ಚಿಯೂ ಬಂತು, ಒಣಗಾಳಿಯೂ ಬಂತು. ಅವನ್ನ ಯಾರೂ ಎಣಿಸಲಿಲ್ಲ.”

“ನಾನು ದಿನಾ ಕೂರ್ತೀನಲ್ಲ ಅದರ ಮೇಲೆ!” ಎಂದರು ಹಾಜಿಯಾ.

“ಕೂತಾಗ ಏನೂ ಆಗಲ್ಲ. ಎದ್ದಾಗ ಆಗುತ್ತೆ. ಮೆಲ್ಲಗೆ ಎದ್ದರೂ ಆಗಲ್ಲ, ಚಿಮ್ಮಿ ಎದ್ದರೆ ಆಗುತ್ತೆ. ನೀವು ಇಡೀ ಸಿನಿಮಾದಲ್ಲಿ ಚಿಮ್ಮಿ ಏಳೋದು ಎಲ್ಲಿ? ಕೋಳಿ ಅಂಗಿಯೊಳಗೆ ಹೋದಾಗ! ಮಂಗಳವಾರ ಸದ್ದಿರಲಿಲ್ಲ. ಬಾಬಾರ ಆ ‘ಬೆಳಕೂಊಊ’ ಕೇಳಲಿಲ್ಲ. ನಗು ಬರಲಿಲ್ಲ, ನೀವು ಏಳಲಿಲ್ಲ, ಪರದೆ ಬದುಕಿತು. ಎಲ್ಲರೂ ಸ್ಪೀಕರನ್ನ ನೋಡಿದರು, ನಗದೇ ಕೂತವರನ್ನ ನೋಡಲಿಲ್ಲ.” ಅವರು ತಿಯುಂಬಾನ ಕಡೆ ನೋಡಿದರು. “ಎದ್ದರೆ ಯಾಕೆ ಹೀಗೆ ಅನ್ನೋದು ನನಗೆ ಗೊತ್ತಿಲ್ಲ. ಅದು ನಿನ್ನ ಪಾಲು.”

ತಿಯುಂಬಾ ಆಗಲೇ ನೆಲಕ್ಕೆ ಮೊಣಕಾಲೂರಿ ಕುರ್ಚಿಯ ಕೆಳಗೆ ಇಣುಕುತ್ತಿದ್ದ. “ಗೊತ್ತಾಯ್ತು ಮೇಡಂ, ಗೊತ್ತಾಯ್ತು! ಎತ್ತರ ಮಾಡೋ ಈ ಕೊಳವೆಯೊಳಗೆ ಗ್ಯಾಸ್ ತುಂಬಿರುತ್ತೆ. ಭಾರ ತಟ್ಟನೆ ಇಳಿದರೆ ಇದರ ಲೋಹದಲ್ಲಿ ಸಣ್ಣ ಕಿಡಿ ಹಾರುತ್ತೆ. ಒಣಹವೆ, ಮೇಲೆ ಹಾಜಿಯಾರ ಲೇಸು ಬಟ್ಟೆ ಉಜ್ಜಿ ಉಜ್ಜಿ... ನಿಮ್ಮನ್ನ ಬಾಗಿಲು ಕಚ್ಚಿದ್ದೂ ಇಂಥದ್ದೇ ಕಿಡಿ. ಈ ತೆಳು ಕೇಬಲ್ಲು ಕುರ್ಚಿ ಕೆಳಗೇ ಹೋಗಿದೆ, ರೇಡಿಯೋದ ಏರಿಯಲ್ ಥರ ಅದನ್ನ ಹಿಡಕೊಳ್ಳುತ್ತೆ. ಕಾರ್ಡಿಗೆ ತಲೆ ಕೆಡುತ್ತೆ, ದುಭಾಷಿ ಗಾಬರಿಬೀಳ್ತಾನೆ. ಪಾಪ, ಆ ಡ್ರೈವರನ್ನ ಎಷ್ಟು ಸಲ ಒದ್ದು ಓಡಿಸಿದೆನೋ!”

“ಕುರ್ಚಿ ಆಸೆ ಯಾರನ್ನ ಬಿಟ್ಟಿದೆ ಹೇಳಿ,” ಎಂದ ರುಫಾಯ್. “ನಮ್ಮ ದೊರೆಗಳೇ ನೆಲದ ಮೇಲೆ ಚರ್ಮ ಹಾಸಿ ಕೂರ್ತಾರೆ. ದೊಡ್ಡಮ್ಮನಿಗೆ ಗಾಲಿ ಇರೋದೇ ಬೇಕಾಯ್ತು.”

“ಮುಚ್ಚೋ ಬಾಯಿ!” ಎಂದರು ಹಾಜಿಯಾ, ನಗುತ್ತಲೇ. “ವುಂಪಿನಿ, ದೃಶ್ಯ ಮುಟ್ಟಬೇಡ. ಒಂದು ಕೂದಲೂ ಕತ್ತರಿಸಬೇಡ.”

ಬಾಬಾ ಮಾತ್ರ ಕೇಳಿದ ಮಾತನ್ನು ಇನ್ನೂ ಅಗಿದು ಅಗಿದು ನುಂಗುತ್ತಿದ್ದರು.

“ತಾಯಿ, ನನಗೊಂದು ಬಿಡಿಸಿ ಹೇಳು,” ಎಂದರು ಅತ್ತೆಗೆ. “ನಾನು ನಗಿಸಿದ್ದಕ್ಕೆ ಈಕೆ ಎದ್ದಳು. ಈಕೆ ಎದ್ದಿದ್ದಕ್ಕೆ ಯಂತ್ರ ಬಿತ್ತು. ಹಾಗೇ ತಾನೇ?”

“ಹಾಗೇ ಬಾಬಾ.”

“ದಿನಾನೂ?”

“ದಿನಾನೂ. ಒಂದೇ ನಗೆಗೆ ದಿನಾ ಎದ್ದಿದ್ದಾರೆ.”

ಮುದುಕರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ನಾಟಕದ ಕಾಲದಲ್ಲಿ ಜನರನ್ನ ಬೀಳಿಸಿದ್ದೆ. ಚರ್ಮದ ಮೇಲೆ ಕೂತ ದೊರೆಯನ್ನೂ ಬೀಳಿಸಿದ್ದೆ. ಯಂತ್ರ ಬೀಳಿಸಿದ್ದು ಇದೇ ಮೊದಲು.” ಅವರ ಕಣ್ಣು ತುಂಬಿ ಬಂದವು. ಬಾಯಿ ಮಾತ್ರ ಕಿವಿಯವರೆಗೆ ಅರಳಿತ್ತು. ವುಂಪಿನಿ ಅವರ ಕಾಲ ಬಳಿ ಕುಸಿದು ಕುಳಿತು ಒಟ್ಟಿಗೇ ಅತ್ತಳು, ನಕ್ಕಳು.

ಶನಿವಾರ ಹಾಲ್ ಕಿಕ್ಕಿರಿದಿತ್ತು. ಸುತ್ತುವ ಕುರ್ಚಿಯನ್ನು ಹಾಜಿಯಾರ ಅಂಗಡಿಗೆ ಗಡೀಪಾರು ಮಾಡಲಾಗಿತ್ತು. ದಪ್ಪ ಗಿಡ್ಡ ಕೇಬಲ್ಲು ಮತ್ತೆ ಕೆಲಸಕ್ಕೆ ಬಂದಿತ್ತು. ರುಫಾಯ್ ತಾನೇ ಹೋಗಿ ಬಾಬಾರನ್ನು ಮೋಟಾರು ಸೈಕಲ್ಲಿನ ಮೇಲೆ ಕರೆತಂದ. ಅಜಾರಾರ ಪಕ್ಕದಲ್ಲಿ ಜಾಗ ಹಿಡಿದು ಕೂರಿಸಿದ. ಹಾಜಿಯಾ ಶಿಯಾ ಬೆಣ್ಣೆ ವ್ಯಾಪಾರದ ಗೆಳತಿಯರೊಂದಿಗೆ ಉದ್ದನೆಯ ಮರದ ಬೆಂಚೊಂದನ್ನು ತುಂಬಿಸಿ ಕುಳಿತಿದ್ದರು.

ಕೋಲಾ ಕಾಯಿ ಬಂತು. ಭಾಷಣ ಶುರುವಾಯಿತು. ಕಂಪ್ಯೂಟರಿನ ಬಳಿ ನಿಂತಿದ್ದ ವುಂಪಿನಿ ಉಸಿರು ಬಿಗಿಹಿಡಿದಳು.

‘ನಿಮ್ಮ ಮಗಳು ನಮ್ಮ ಮನೆಯ ಬೆಳಕೂಊಊ!’

ಹಾಲ್ ಸಿಡಿಯಿತು. ಹಾಜಿಯಾ, ಅವರ ಗೆಳತಿಯರು, ಇಡೀ ಬೆಂಚು, ಎಲ್ಲ ಒಟ್ಟಿಗೆ ಹಿಂದಕ್ಕೆ ಮಗುಚಿ, ಗಾಳಿಯಲ್ಲಿ ಬಣ್ಣಬಣ್ಣದ ಚಪ್ಪಲಿಗಳಷ್ಟೇ ಕಂಡವು. ಪರದೆ ಮಾತ್ರ ಅಲುಗಲಿಲ್ಲ.

ಬಾಬಾ ನೈಂಡೂ ಕತ್ತು ಹೊರಳಿಸಿ ಬಿದ್ದ ಬೆಂಚನ್ನು ಸಾವಕಾಶವಾಗಿ ನೋಡಿದರು. ಆಮೇಲೆ ಪಕ್ಕಕ್ಕೆ ವಾಲಿದರು.

“ಇದನ್ನ ಯಾರು ಬೀಳಿಸಿದ್ದು ಅಂತ ಪತ್ತೆ ಮಾಡ್ತೀಯಾ ತಾಯಿ?”

ಅಜಾರಾರ ತಲೆವಸ್ತ್ರ ಜಾರಿ ಹೆಗಲ ಮೇಲೆ ಬಿದ್ದಿತ್ತು, ಅವರು ನಗುತ್ತಲೇ ಮುಂದಿನ ಸೀಟಿಗೆ ಹಣೆ ಒತ್ತಿ, ಕೈಯಿಂದ ‘ಸಾಕು, ಸಾಕು’ ಎಂದು ಸನ್ನೆ ಮಾಡುತ್ತಿದ್ದರು.